ಮೊಹ್ಸಿನ್ ಹೊಡೆದ ಗೋಲು

ಡಿಸೆಂಬರ್ ೧೪, ಶನಿವಾರ. ರವೀಂದ್ರನಗರ.

ಕುರ್ಚಿ, ಮಂಚ, ಸೊಳ್ಳೆಪರದೆಗಳ ರೂಪದಲ್ಲಿ ಇಲ್ಲಿ ನೆರೆದಿರುವ ಮಹಾಸಭಿಕರೇ, ಕೇಳಿ! ಮೂವತ್ತು ವರ್ಷ ಹೊತ್ತ ಭಾರ ಇಂದು ಇಳಿಯಿತು.

ಅಂದು ಭದ್ರಾವತಿಯ ಫುಟ್‌ಬಾಲ್ ಫೈನಲ್‌ನಲ್ಲಿ ವೀಕ್ಷಕ ವಿವರಣೆಯ ಮೈಕ್ ನನ್ನದು. ಒಂದೇ ತಂಡದಲ್ಲಿ ಆಡುತ್ತಿದ್ದ ಹಯಾತ್, ಮೊಹ್ಸಿನ್ ಸಹೋದರರಲ್ಲಿ ಗೆಲುವಿನ ಗೋಲು ಹೊಡೆದವನು ತಮ್ಮ ಮೊಹ್ಸಿನ್. ಅಣ್ಣ ತಮ್ಮಂದಿರ ಓಟ ಒಂದೇ ತೆರ, ನಾನೋ ನಾಟಕದ ಗಂಟಲು ಬಿಚ್ಚಿ, "ಹೊಡೆದನು ವೀರ ಹಯಾತ್!" ಎಂದು ಅಣ್ಣನ ಹೆಸರು ಕೂಗಿಬಿಟ್ಟೆ. ಜನ ಹಯಾತನನ್ನು ಹೊತ್ತು ಕುಣಿದರು. ಬೆಂಗಳೂರಿನ ಕ್ಲಬ್ ಕೂಡ ಅವನನ್ನೇ ಕರೆಯಿತು. ಮೊಹ್ಸಿನನಿಗೆ ಆ ಕರೆ ಬರಲು ಇನ್ನೆರಡು ವರ್ಷ ಹಿಡಿಯಿತು. ಮುಂದೆ ಇಬ್ಬರೂ ಕೋಚ್ ಆದರು, ಈಗ ಇಬ್ಬರೂ ಇಲ್ಲ. ತಪ್ಪು ಅಂದೇ ತಿಳಿದಿದ್ದರೂ ಬಾಯಿಬಿಡುವ ಧೈರ್ಯ ನನಗೆ ಬರಲೇ ಇಲ್ಲ.

ಇಂದು ಅವರ ತಂಗಿ ಜೈನಾಬಿಯ ಮುಂದೆ ಒಪ್ಪಿಕೊಂಡೆ. ಆಕೆ ನಕ್ಕುಬಿಟ್ಟಳು.

"ಅಯ್ಯೋ ಮಾರಾಯ್ರೇ, ನಮ್ಮನೇಲಿ ಎಲ್ರಿಗೂ ಗೊತ್ತು! ಹಯಾತ್ ಭಾಯ್ ಅವತ್ತೇ ನಿಮ್ಗೆ ಹೇಳೋಕೆ ಹೊರಟಿದ್ದ. ಮೊಹ್ಸಿನ್ನೇ ಕೈ ಹಿಡಿದು ನಿಲ್ಲಿಸ್ದ. 'ಬಿಡು, ನಿಂಗೆ ವಯಸ್ಸು ಮೀರ್ತಿದೆ, ನಂಗಿನ್ನೂ ಟೈಮಿದೆ' ಅಂದ. ಹಬ್ಬಕ್ಕೆ ಸೇರಿದಾಗಲೆಲ್ಲ ಇಬ್ರೂ ನಿಮ್ಮ ಥರಾನೇ ಕೂಗಿ, ಹೊಟ್ಟೆ ಹಿಡ್ಕೊಂಡು ನಗ್ತಿದ್ರು."

ನನ್ನನ್ನೇ ಅಣಕಿಸಿ ನಕ್ಕರಂತೆ! ಎಂಥ ಹಗುರ ಈ ಎದೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಭದ್ರಾವತಿಗೆ ಹೋಗುತ್ತೇನೆ. ಅದೇ ಮೈದಾನದ ನಡುವೆ ನಿಂತು, ಮೈಕಿಲ್ಲದೆ, ಸರಿಯಾದ ಹೆಸರು ಕೂಗುತ್ತೇನೆ.