ಚೌಡಮ್ಮನ ಗುಡಿಯ ಬೀಗದ ಕೈ

ಆಸ್ಪತ್ರೆ ಕ್ವಾರ್ಟರ್ಸ್,
ಅರಸೀಕೆರೆ ತಾಲ್ಲೂಕು
ಶನಿವಾರ, 29 ಆಗಸ್ಟ್ 2009

ಪ್ರೀತಿಯ ಅವ್ವನಿಗೆ,

ನಾನು ಕ್ಷೇಮ ಎಂದು ಬರೆದರೆ ನೀನು ನಂಬುವುದಿಲ್ಲ, ನೀನು ಕ್ಷೇಮವೇ ಎಂದು ಕೇಳಿದರೆ ಉತ್ತರ ಕೊಡುವುದಿಲ್ಲ. ಆದ್ದರಿಂದ ಎರಡನ್ನೂ ಬಿಟ್ಟು ಶುರು ಮಾಡುತ್ತೇನೆ. ಫೋನು ಮಾಡಿದಾಗಲೆಲ್ಲ ದೇವೀರಮ್ಮ ಚಿಕ್ಕಮ್ಮನೇ ಎತ್ತಿ, "ನಿಮ್ಮವ್ವ ಹೊಲದ ಕಡೆ ಹೋಗವ್ಳೆ ಕಣವ್ವ" ಎನ್ನುತ್ತಾಳೆ. ಮೊನ್ನೆ ಊಟದ ಹೊತ್ತಿನಲ್ಲೂ ನೀನು ಹೊಲದಲ್ಲೇ ಇದ್ದೆಯಂತೆ. ಪಾಪ, ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಗೊತ್ತಿದ್ದೂ ಅವಳ ಬಾಯಲ್ಲೇ ಹೇಳಿಸುತ್ತೀಯ. ನನ್ನ ಚೀಟಿ ಮೆಡಿಕಲ್ ಸ್ಟೋರಿನವರಿಗೆ ಬಿಟ್ಟರೆ ಇನ್ಯಾರಿಗೂ ಓದಲಾಗದು ಎಂದು ಅಣಕಿಸುವವಳು ನೀನು. ಅದಕ್ಕೆ ಸಾಕ್ಷರತೆ ತರಗತಿಯಲ್ಲಿ ನೀನು ಕಲಿತ ಹಾಗೆಯೇ ಅಕ್ಷರಗಳನ್ನು ಗುಂಡಗೆ, ಬಿಡಿಬಿಡಿಯಾಗಿ ಬರೆದಿದ್ದೇನೆ. ನಿಧಾನವಾಗಿ ನೀನೇ ಓದು, ಅಪ್ಪನ ಕೈಲಿ ಓದಿಸಬೇಡ.

ನಿನ್ನ ಸಿಟ್ಟು ನನಗೆ ತಿಳಿಯದ್ದಲ್ಲ. ಪ್ರತಿ ಶ್ರಾವಣದಲ್ಲೂ ನಿನ್ನ ಸೆರಗು ಹಿಡಿದುಕೊಂಡು ಚೌಡಮ್ಮನ ಗುಡಿಯ ತನಕ ಬಂದವಳು ನಾನು. ಊರಿನ ಹೆಂಗಸರು ಅಕ್ಕಿಹಿಟ್ಟು ಬೆಲ್ಲದ ತಂಬಿಟ್ಟು ಕಟ್ಟಿ, ನಡುವೆ ಗುಳಿ ತೋಡಿ, ತುಪ್ಪದ ದೀಪ ಹಚ್ಚಿಕೊಂಡು ಸೀದಾ ಒಳಗೆ ಹೋಗುತ್ತಿದ್ದರು. ಅದೇ ತಂಬಿಟ್ಟು, ಅದೇ ದೀಪ ಹಿಡಿದ ನಮ್ಮ ಕೇರಿಯವರು ಅಂಗಳದಾಚೆಯ ಚಪ್ಪಡಿ ಕಲ್ಲಿನ ಹತ್ತಿರ ಕಾಯಬೇಕಿತ್ತು. ಅವರದೆಲ್ಲ ಮುಗಿದ ಮೇಲೆ ಪೂಜಾರಿ ಹೊನ್ನಯ್ಯನವರು ಬಂದು ದೂರದಿಂದ ನೀರು ಚಿಮುಕಿಸಿದರೆ ನಮ್ಮ ಆರತಿ ಆದ ಹಾಗೆ. ಅಷ್ಟರಲ್ಲಿ ಗಾಳಿಗೆ ನಿನ್ನ ದೀಪ ಆರಿಹೋಗಿರುತ್ತಿತ್ತು. ಆರಿದ ದೀಪ ಹೊತ್ತು ಮನೆಗೆ ಬರುವಾಗ, "ಒಂದ್ಸಲನಾದ್ರೂ ಉರಿಯೋ ದೀಪ ತಾಯಿ ಮುಂದೆ ಇಡ್ಬೇಕು ಕಣವ್ವ" ಎನ್ನುತ್ತಿದ್ದೆ. ಅಪ್ಪ ಗೋಡೆಯ ಮೇಲಿನ ಬುದ್ಧನ ಪಟ ತೋರಿಸಿ, "ಬಾಗಿಲೇ ಇಲ್ದಿರೋನು ಮನೇಲೇ ಇದಾನೆ, ನೀನು ಬಾಗಿಲು ಹಾಕೋರ ಹತ್ರನೇ ಹೋಗ್ತೀಯಲ್ಲೇ" ಎಂದು ರೇಗಿಸುತ್ತಿದ್ದರು. ನೀನು ಮಾತ್ರ ಬುದ್ಧನಿಗೂ ಹೂವು ಮುಡಿಸುತ್ತಿದ್ದೆ, ಚೌಡಮ್ಮನಿಗೂ ಹರಕೆ ಹೊರುತ್ತಿದ್ದೆ.

ಈ ವರ್ಷ ಕೇರಿಯ ಹುಡುಗರು ಅರ್ಜಿ ಮೇಲೆ ಅರ್ಜಿ ಕೊಟ್ಟು, ತಹಶೀಲ್ದಾರರು ಊರಿಗೆ ಬಂದು ಕೂತು, ಶ್ರಾವಣದ ಕಡೆಯ ಶುಕ್ರವಾರ ಎಲ್ಲರೂ ಒಟ್ಟಿಗೆ ಒಳಗೆ ಹೋಗುವುದು ಎಂದು ತೀರ್ಮಾನವಾಯಿತು. ಗುಡಿಯ ಯಜಮಾನಿಕೆ ನಡೆಸುವ ಲಕ್ಕಪ್ಪನವರು ನೆಲ ನೋಡಿಕೊಂಡೇ ಹೂಂ ಎಂದರು. ನೀನು ಅರಸೀಕೆರೆ ಸಂತೆಯಿಂದ ಹಸಿರು ಸೀರೆ ತಂದು, ನನಗೆ ತೋರಿಸಿ, ಮಡಿಸಿ ಎತ್ತಿಟ್ಟೆ. ಅಷ್ಟರಲ್ಲಿ ಈ ಜ್ವರ ಬಂತು.

ಬೆಂಗಳೂರಿನಲ್ಲಿ ಜ್ವರದ ಗಲಾಟೆಗೆ ಕಾಲೇಜು ರಜಾ ಕೊಟ್ಟಿತೆಂದು ಲಕ್ಕಪ್ಪನವರ ಮೊಮ್ಮಗಳು ಹೇಮಾಶ್ರೀ ಊರಿಗೆ ಬಂದಿದ್ದಳು. ಬಂದವಳು ಗುಡಿಯೊಳಗೆ ಹೆಂಗಸರ ಜೊತೆ ಕೂತು ಹೂವು ಕಟ್ಟಿದಳು. ಎರಡು ದಿನಕ್ಕೆ ಅವಳಿಗೆ ಜ್ವರ, ಆಮೇಲೆ ಅವಳ ಪಕ್ಕ ಕೂತಿದ್ದ ಇಬ್ಬರಿಗೆ. ಗಂಟಲಿನ ದ್ರವ ತೆಗೆದು ಕಳಿಸಿದೆ, ಹಂದಿ ಜ್ವರವೇ ಎಂದು ಬಂತು. ಹುಡುಗಿಗೆ ಉಸಿರು ಕಟ್ಟತೊಡಗಿ ಹಾಸನಕ್ಕೆ ಕಳಿಸಿದೆವು. ಶುಕ್ರವಾರ ಆ ಸಣ್ಣ ಗುಡಿಯೊಳಗೆ ಊರಿನವರು, ಕೇರಿಯವರು ಎಲ್ಲ ಮೈಗೆ ಮೈ ತಾಗಿಸಿ ನಿಲ್ಲುತ್ತಿದ್ದರು. ನಮ್ಮ ಕೇರಿಯಲ್ಲೇ ಇಬ್ಬರು ಬಸುರಿಯರಿದ್ದಾರೆ, ಬಸುರಿಯರಿಗೆ ಈ ಜ್ವರ ಬಹಳ ಕೆಟ್ಟದ್ದು. ಹದಿನೈದು ದಿನ ಗುಡಿ ಮುಚ್ಚಬೇಕು ಎಂದು ಬರೆದುಕೊಟ್ಟವಳು ನಾನೇ. ಅದಕ್ಕೆ ಈಗಲೂ ನಾನು ಬದ್ಧಳು, ಅವ್ವ. ಬೇಲೂರು ತೆಗೆದೈತೆ, ಹಳೇಬೀಡು ತೆಗೆದೈತೆ, ಮಾಲೇಕಲ್ಲು ಬೆಟ್ಟ ಜನ ಹತ್ತುತಾನೇ ಅವ್ರೆ, ನಮ್ಮ ತಾಯಿಗೊಬ್ಬಳಿಗೇ ಬೀಗವಾ ಎಂದು ನೀನು ಕೇಳಿದೆ. ಅಲ್ಲಿ ಹೂವು ಕಟ್ಟುತ್ತಾ ಹೇಮಾಶ್ರೀ ಕೂತಿರಲಿಲ್ಲ, ಇಲ್ಲಿ ಕೂತಿದ್ದಳು.

ಆದರೆ ಮುಚ್ಚಬೇಕು ಎಂದಾಗ ಲಕ್ಕಪ್ಪನವರ ಮುಖ ನಾನು ನೋಡಿದೆ. ಮೊಮ್ಮಗಳು ಆಸ್ಪತ್ರೆಯಲ್ಲಿರುವ ಸಂಕಟದ ನಡುವೆಯೂ ಆ ಮುಖಕ್ಕೆ ಒಂದು ಸಮಾಧಾನ ಬಂದದ್ದು ಸುಳ್ಳಲ್ಲ. "ಡಾಕ್ಟ್ರಮ್ಮನೇ ಹೇಳಿದ ಮೇಲೆ ಮುಗೀತಲ್ಲ" ಎಂದರು. ಬೀಗದ ಕೈ ಲಕ್ಕಪ್ಪನವರ ಮನೆಯಲ್ಲಿದ್ದರೆ ಹಿಂದಿನಿಂದ ತೆಗೆಯುತ್ತಾರೆ ಎಂದು ನಮ್ಮ ಹುಡುಗರು ಕೂಗಿದರು, ಕೇರಿಗಂತೂ ಕೊಡುವುದಿಲ್ಲ ಎಂದು ಊರಿನವರು ಕೂಗಿದರು. ತಹಶೀಲ್ದಾರರು ಸಾಕಾಗಿ, "ಡಾಕ್ಟರ ಹತ್ರ ಇರಲಿ, ಅವರು ಸರ್ಕಾರದವರು" ಎಂದು ಆ ಗೇಣುದ್ದದ ಕಬ್ಬಿಣದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ನಮ್ಮವ್ವ ಹೊಸ್ತಿಲು ಕಾಣದ ಗುಡಿಯ ಬೀಗದ ಕೈ ನನ್ನ ಚೀಲದಲ್ಲಿ ಸ್ಟೆತಾಸ್ಕೋಪಿನ ಪಕ್ಕ ಬಿದ್ದಿರುತ್ತಿತ್ತು.

ಆ ದಿನಗಳಲ್ಲಿ ನಾನು ಆಡಿದ ಮಾತು ನೋಡು. ದೂರ ನಿಲ್ಲಿ, ಮುಟ್ಟಬೇಡಿ, ಕೈಯಿಂದ ಕೈಗೆ ಕೊಡಬೇಡಿ, ಅವರು ಮುಟ್ಟಿದ್ದನ್ನು ತೊಳೆಯಿರಿ. ಕೇರಿಯಲ್ಲಿ ನಿಂತು ಇದನ್ನೇ ಹೇಳಿದಾಗ ಉಗ್ರಪ್ಪ ತಾತ ನಕ್ಕುಬಿಟ್ಟ. "ಇದನ್ನ ನಮಗೆ ಊರೋರು ಆಗ್ಲೇ ಕಲ್ಸವ್ರೆ ಕಣವ್ವ, ನೀನು ಡಾಕ್ಟ್ರು ಓದಿ ಬಂದು ಮತ್ತೆ ಕಲಿಸ್ಬೇಕಾ" ಎಂದ. ನಾನೂ ನಕ್ಕೆ, ಆಮೇಲೆ ಮನೆಗೆ ಬಂದು ಅತ್ತೆ. ದಿನಾ ದೀಪ ಹಚ್ಚಲು ಹೊನ್ನಯ್ಯನವರೊಬ್ಬರಿಗೆ ಮಾತ್ರ ಒಪ್ಪಿಗೆ ಇತ್ತು. ಮೊದಲ ದಿನ ಬೀಗದ ಕೈಗೆ ಬಂದವರು ಮೆಟ್ಟಿಲ ಕೆಳಗೇ ನಿಂತು, "ಅಲ್ಲೇ ಕಟ್ಟೆ ಮೇಲಿಡಿ ತಾಯಿ, ತಗೋತೀನಿ" ಎಂದರು. ಇಟ್ಟೆ. ನಲ್ಲಿಯ ಹತ್ತಿರ ಹೋಗಿ ಅದನ್ನು ಸೋಪು ಹಚ್ಚಿ ಉಜ್ಜಿ ಉಜ್ಜಿ ತೊಳೆದರು. ಸೋಪಿನಲ್ಲಿ ತೊಳೆಯಲು ಹೇಳಿಕೊಟ್ಟವಳು ನಾನೇ. ಜ್ವರಕ್ಕೆ ತೊಳೆದರೋ ನನ್ನ ಕೈಗೆ ತೊಳೆದರೋ ಎಂದು ಕೇಳುವ ಹಾಗೂ ಇರಲಿಲ್ಲ.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ. ಬೆಳಿಗ್ಗೆ ಹೊರರೋಗಿಗಳ ಸಾಲು ಬಾಗಿಲಾಚೆಯವರೆಗೂ ಇತ್ತು. ನೀನು ಹಸಿರು ಸೀರೆ ಉಟ್ಟು, ತಂಬಿಟ್ಟಿನ ತಟ್ಟೆಗೆ ಬಿಳಿ ಬಟ್ಟೆ ಮುಚ್ಚಿಕೊಂಡು ಬಂದೆ. ಜನ ಸೇರುವುದಷ್ಟೇ ಬೇಡ ತಾನೆ, ನಾನೊಬ್ಬಳೇ ಹೋಗಿ ದೀಪ ಇಟ್ಟು ಬತ್ತೀನಿ, ಬೀಗದ ಕೈ ಕೊಡು ಎಂದೆ. ರೂಲ್ಸು ಎಲ್ಲರಿಗೂ ಒಂದೇ ಅವ್ವ ಎಂದು ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಎಲ್ರಿಗೂ ಒಂದೇ ಆಗಿದ್ದು ಯಾವತ್ತಿಂದ ಮಗಳೇ, ಇವತ್ತಿಂದನಾ?" ಎಂದು ಕೇಳಿ ನೀನು ತಟ್ಟೆಯನ್ನು ಬೆಂಚಿನ ಮೇಲಿಟ್ಟು ಹೊರಟೆ. ಬಸ್ ಸ್ಟಾಪಿನ ಕಡೆ ತಿರುಗಿದಾಗಲೇ ನೀನು ಮಾದಿಹಳ್ಳಿಗೆ, ಚಿಕ್ಕಮ್ಮನ ಮನೆಗೆ ಹೊರಟೆ ಎಂದು ತಿಳಿಯಿತು. ರೋಗಿಗಳನ್ನು ಬಿಟ್ಟು ಓಡಿ ಬರಲಾಗಲಿಲ್ಲ. ಮಧ್ಯಾಹ್ನದವರೆಗೂ ಆ ತಟ್ಟೆಯನ್ನು ಯಾರೂ ಮುಟ್ಟಲಿಲ್ಲ. ಕೊನೆಗೆ ನಾನೇ ತಿಂದೆ, ಏಲಕ್ಕಿ ಸ್ವಲ್ಪ ಮುಂದಾಗಿತ್ತು.

ಅದೇ ದಿನ ದೀಪ ಹಚ್ಚುವ ಹೊತ್ತಿಗೆ ಹೇಮಾಶ್ರೀಯ ತಾಯಿ ಜಾನಕಮ್ಮ ಬಂದರು. ಗಂಡ ಮತ್ತು ಮಾವ ಹಾಸನದಲ್ಲಿ, ಮಗಳ ಹತ್ತಿರ ಹೋಗಲು ಇವರನ್ನು ಬಿಟ್ಟಿರಲಿಲ್ಲ. ಇವರ ಕೈಯಲ್ಲೂ ತಂಬಿಟ್ಟಿನ ತಟ್ಟೆ. ಒಂದು ಗಳಿಗೆ ಬೀಗ ತೆಗೆಯಿರಿ, ಮಗಳ ಜೀವಕ್ಕೆ ಹರಕೆ ಹೊತ್ತಿದ್ದೇನೆ ಎಂದು ಕೇಳಿಕೊಂಡರು. ಬೆಳಿಗ್ಗೆ ಹೆತ್ತವ್ವನಿಗೆ ಕೊಡದ ಕೈಯನ್ನು ಸಂಜೆ ಅವರಿಗೆ ಹೇಗೆ ಕೊಡಲಿ? ಆಗುವುದಿಲ್ಲ ಎಂದೆ. ಅವರು ತಟ್ಟೆ ಹಿಡಿದೇ ಗುಡಿಯ ಕಡೆ ಹೋದರು, ನನಗೆ ಮನಸ್ಸು ತಡೆಯದೆ ಹಿಂದೆಯೇ ಹೋದೆ. ಎಲ್ಲಿ ಕೂತಿದ್ದರು ಗೊತ್ತಾ? ಚಪ್ಪಡಿ ಕಲ್ಲಿನ ಮೇಲೆ. ಗಾಳಿ ಜೋರಿತ್ತು, ಎರಡು ಸಲ ಹಚ್ಚಿದರೂ ದೀಪ ನಿಲ್ಲಲಿಲ್ಲ. ನನ್ನನ್ನು ನೋಡಿ, "ಮಾಲಿನಿ, ನಿಮ್ಮವ್ವ ಗಿಡ್ಡಮ್ಮ ಕೂತ್ಕೋತಿದ್ದಿದ್ದು ಇಲ್ಲೇ ಅಲ್ವಾ" ಎಂದರು. ಹೌದು ಎಂದೆ. ಆ ಮನೆಯ ಹೆಂಗಸು ಆ ಕಲ್ಲಿನ ಮೇಲೆ ಕೂತದ್ದು ಕಂಡು ನಿನ್ನ ಪರವಾಗಿ ಒಂದಿಷ್ಟಾದರೂ ಖುಷಿಯಾಗಬೇಕಿತ್ತು, ಆಗಲಿಲ್ಲ. ಮಗಳು ಸಾಯುತ್ತಾಳೇನೋ ಎಂಬ ಭಯದಲ್ಲಿರುವ ತಾಯಿ ಯಾವ ಕೇರಿಯವಳಾದರೂ ಒಂದೇ ಥರ ಕಾಣುತ್ತಾಳೆ.

ಅವ್ವ, ಇಲ್ಲಿಂದ ಮುಂದಿನದನ್ನು ಎರಡು ಸಲ ಓದು. ನೀನು ಬೆಳಿಗ್ಗೆ ಕೇಳಿದ್ದು ಸರಿಯಾಗಿಯೇ ಇತ್ತು. ಒಬ್ಬಳೇ ಹೋಗಿ ದೀಪ ಇಟ್ಟು ಬಂದರೆ ಯಾವ ಜ್ವರವೂ ಹರಡುವುದಿಲ್ಲ. ಹೊನ್ನಯ್ಯನವರು ದಿನಾ ಹೋಗಿ ಬರುತ್ತಿದ್ದರಲ್ಲ. ನಾನು ರೂಲ್ಸು ಎಂದದ್ದು ನೆಪ. ನೀನು ಬರುವುದಕ್ಕೆ ಸ್ವಲ್ಪ ಮುಂಚೆ ಹಾಸನದಿಂದ ಫೋನು ಬಂದಿತ್ತು. ಹೇಮಾಶ್ರೀಗೆ ಉಸಿರಾಟದ ಯಂತ್ರ ಹಾಕಿದ್ದಾರೆ, ಏನೂ ಹೇಳಲಾಗುವುದಿಲ್ಲ ಎಂದಿದ್ದರು. ಹುಡುಗಿ ಬೆಂಗಳೂರಿನಿಂದ ಜ್ವರ ಹೊತ್ತು ತಂದಿದ್ದರೂ ಚಹಾದಂಗಡಿಯಲ್ಲಿ, ಹಂದಿ ಜ್ವರ ಅಲ್ವೇ, ಕೇರಿ ಕಡೆಯಿಂದಲೇ ಬಂದಿರ್ತದೆ ಎಂಬ ಮಾತು ಆಗಲೇ ಓಡಾಡುತ್ತಿತ್ತು. ನೀನು ಒಳಗೆ ಕಾಲಿಟ್ಟ ದಿನವೇ ಆ ಹುಡುಗಿ ಹೋಗಿಬಿಟ್ಟಿದ್ದರೆ? ಗಿಡ್ಡಮ್ಮ ಒಳಗೆ ಹೋದಳು, ತಾಯಿ ಮುನಿದಳು ಎನ್ನುತ್ತಿದ್ದರು. ನಿನ್ನ ದೀಪದ ಮೇಲೆ ಒಂದು ಹೆಣ ಹೊರಿಸುತ್ತಿದ್ದರು. ಆಮೇಲೆ ನಮ್ಮ ಮಕ್ಕಳ ಕಾಲಕ್ಕೂ ಆ ಬಾಗಿಲು ತೆಗೆಯುತ್ತಿರಲಿಲ್ಲ. ನನಗೆ ಜ್ವರದ ಭಯವಿರಲಿಲ್ಲ, ಊರಿನ ಭಯವಿತ್ತು. ಅಷ್ಟು ಜನರ ಮುಂದೆ ಅದನ್ನು ಹೇಗೆ ಹೇಳಲಿ? ಡಾಕ್ಟರಾದ ಮೇಲೂ ಆ ಭಯ ನನ್ನೊಳಗೆ ಹಾಗೇ ಇದೆ ಎಂದು ತಿಳಿದು ನನಗೇ ಅಸಹ್ಯವಾಯಿತು.

ಹೇಮಾಶ್ರೀ ಉಳಿದಳು. ಮೊನ್ನೆ ಮನೆಗೆ ಬಂದಿದ್ದಾಳೆ, ಗಂಜಿ ಬೇಡ ಚಿತ್ರಾನ್ನ ಬೇಕು ಎಂದು ಹಟ ಮಾಡುವಷ್ಟು ಚೇತರಿಸಿಕೊಂಡಿದ್ದಾಳೆ. ಉಳಿದಿಬ್ಬರೂ ಗುಣವಾದರು, ಊರಲ್ಲಿ ಹೊಸ ಜ್ವರ ಇಲ್ಲ. ಗೌರಿ ಗಣೇಶನ ಹಬ್ಬವೂ ಬೀಗದಲ್ಲೇ ಕಳೆಯಿತು, ನಾಡಿದ್ದು ಸೋಮವಾರ ಗುಡಿ ತೆಗೆಯಬಹುದು ಎಂದು ಬರೆದುಕೊಟ್ಟಿದ್ದೇನೆ. ನಿನ್ನೆ ಲಕ್ಕಪ್ಪನವರು ಬಂದು ಮೊಮ್ಮಗಳನ್ನು ಉಳಿಸಿದ್ದಕ್ಕೆ ಕೈ ಮುಗಿದರು. ಮುಗಿದ ಕೈ ಇಳಿಸುವ ಮುಂಚೆಯೇ, ಬೀಗದ ಕೈಯನ್ನು ಹೊನ್ನಯ್ಯನ ಕೈಲಿ ಮನೆಗೆ ಕಳಿಸಿಬಿಡಿ ಎಂದರು. ಕೇರಿಯವರು ಬರುವುದು ಯಾವಾಗ ಎಂದು ಕೇಳಿದೆ. "ಒಪ್ಪಂದ ಆಗಿದ್ದು ಶ್ರಾವಣದ ಶುಕ್ರವಾರಕ್ಕೆ ಡಾಕ್ಟ್ರಮ್ಮ. ಶ್ರಾವಣ ಮುಗೀತಲ್ಲ, ಮುಂದಿನ್ ವರ್ಷ ನೋಡಾನ" ಎಂದರು. ದನಿ ಏರಿಸಲಿಲ್ಲ, ಕಾಫಿಯನ್ನೂ ಕುಡಿಯಲಿಲ್ಲ. ನಮ್ಮ ಹುಡುಗರು ಎದುರು ಸಿಕ್ಕರೆ ಮುಖ ತಿರುಗಿಸುತ್ತಾರೆ. ಅವರು ಮುಚ್ಚಿದ್ದರೆ ಹೋರಾಡಿ ತೆಗೆಸಬಹುದಿತ್ತು, ನಮ್ಮವಳೇ ಮುಚ್ಚಿಸಿದಳಲ್ಲ ಎನ್ನುತ್ತಾರಂತೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಬಾಯಿಲ್ಲ.

ಲಕ್ಕಪ್ಪನವರಿಗೆ ನಾನು ಹೇಳಿದ್ದು ಇಷ್ಟೇ. ಜ್ವರಕ್ಕೆಂದು ಮುಚ್ಚಿದ ಬಾಗಿಲು ಜ್ವರ ಹೋದ ಮೇಲೆ ಎಲ್ಲರಿಗೂ ತೆಗೆಯಬೇಕು, ಇಲ್ಲದಿದ್ದರೆ ನಾನು ಕೊಟ್ಟ ಕಾಗದ ಸುಳ್ಳಾಗುತ್ತದೆ. ಕೈಯನ್ನು ಯಾರ ಮನೆಗೂ ಕಳಿಸುವುದಿಲ್ಲ, ಸೋಮವಾರ ಬೆಳಿಗ್ಗೆ ಗುಡಿಯ ಹತ್ತಿರವೇ ತರುತ್ತೇವೆ. ತಹಶೀಲ್ದಾರರಿಗೂ ಫೋನು ಮಾಡಿದ್ದೇನೆ, ನೋಡೋಣ ಎಂದಿದ್ದಾರೆ. ಬರುತ್ತಾರೆ ಎಂದು ನಾನು ನಿನಗೆ ಭರವಸೆ ಕೊಡಲಾರೆ. ಏನಾಗುತ್ತದೋ ಎಂದು ನನಗೆ ಈಗಲೂ ಹೆದರಿಕೆ ಇದೆ. ಆದರೂ ಈ ಸಲ ಹೆದರಿಕೆಯನ್ನು ರೂಲ್ಸು ಎಂದು ಕರೆಯುವುದಿಲ್ಲ.

ನಾಳೆಯೇ ಹೊರಟು ಬಾ. ಸಿಟ್ಟನ್ನೂ ಜೊತೆಗೆ ತಂದರೆ ತೊಂದರೆಯಿಲ್ಲ. ಹಸಿರು ಸೀರೆ ಮರೆಯಬೇಡ.

ನಿನ್ನ ಮಗಳು,
ಮಾಲಿನಿ

ಮರೆತ ಮಾತು: ಈ ಕಾಗದ ತಂದು ಕೊಟ್ಟು, ಈಗ ಚಿಕ್ಕಮ್ಮನ ಜಗಲಿಯ ಮೇಲೆ ನಿನ್ನನ್ನು ನೋಡದವರ ಹಾಗೆ ಕೂತಿದ್ದಾರಲ್ಲ ಅಪ್ಪ, ಅವರ ಚೀಲದಲ್ಲಿ ಒಂದು ಡಬ್ಬಿ ಇದೆ. ತಂಬಿಟ್ಟಿನ ಹಿಟ್ಟು. ಅವರೇ ಅಕ್ಕಿ ನೆನೆಹಾಕಿ, ಆರಿಸಿ, ಕಣಕಟ್ಟೆ ಮಿಲ್ಲಿಗೆ ಹೋಗಿ ಬೀಸಿಸಿಕೊಂಡು ಬಂದದ್ದು, ರೇಗಿಸಬೇಡ. ಡಬ್ಬಿಯ ಕೆಳಗೆ ಟವಲಿನಲ್ಲಿ ಸುತ್ತಿರುವುದು ಬೀಗದ ಕೈ. ಅದು ನಿನ್ನ ಕೈಯಲ್ಲೇ ಊರಿಗೆ ಬರಲಿ. ಅಷ್ಟರಲ್ಲಿ ಅವರು ಬೇರೆ ಬೀಗ ಹಾಕಿರುತ್ತಾರೆ ಎಂದು ಅಪ್ಪ ಹೇಳುತ್ತಾರೆ, ಹಾಕಿದರೂ ಹಾಕಿಯಾರು. ಹಾಗಾದರೆ ಚಪ್ಪಡಿ ಕಲ್ಲಿನ ಹತ್ತಿರ ನಿಲ್ಲುವುದು ಬೇಡ, ಬಾಗಿಲಿನ ಹತ್ತಿರಕ್ಕೇ ಹೋಗಿ ಹೊಸ್ತಿಲ ಮೇಲೆ ನಿನ್ನ ದೀಪ ಹಚ್ಚು. ಗಾಳಿ ಬರುವ ಕಡೆ ನಾನು ನಿಂತಿರುತ್ತೇನೆ.