ಲವಂಗ ಎರಡು ಸಲ

ಅಕ್ಟೋಬರ್ 6, 1987. ಬೆಳಿಗ್ಗೆ 7

ಹಂಡೆಯ ಕೆಳಗೆ ಉರಿ ಹಚ್ಚಿದ್ದಾಯಿತು. ಕ್ರಿಸ್‌ಮಸ್ ಬಿಯರ್ ಬೇಯಿಸುವ ದಿನ. ಹಳೆ ಡೇರಿಯಿಂದ ಕೊಂಡ ಹಾಲಿನ ತೊಟ್ಟಿಗಳಲ್ಲಿ ನಾವು ಬಿಯರ್ ಮಾಡುತ್ತಿರುವುದು ಇದು ಆರನೆಯ ವರ್ಷ. ಎಮೆಟ್ ಶಿಳ್ಳೆ ಹಾಕುತ್ತಿದ್ದಾನೆ. ಮಾರ್ಚಿನಲ್ಲಿ ಏಣಿಯಿಂದ ಬಿದ್ದು ತಲೆಗೆ ಪೆಟ್ಟಾದಾಗ ವಾಸನೆ ಹೋಗಿತ್ತು. ಮರಳಿ ಬಂತು ಎಂದು ಊರಿಗೆಲ್ಲ ಹೇಳಿದ್ದಾನೆ. ಹೆಂಡತಿಯಾದ ನನಗೂ. ಮೊನ್ನೆ ಪಕ್ಕದಲ್ಲೇ ಬ್ರೆಡ್ ಸೀದುಹೋಗುತ್ತಿತ್ತು — ಪೇಪರ್ ಓದುತ್ತಲೇ ಇದ್ದ.

ಮಧ್ಯಾಹ್ನ

ಲವಂಗ ಹಾಕಿದ. ಫೋನ್ ಬಂತು, ಹೋದ. ಬಂದವನು ಹಂಡೆಯ ಮೇಲೆ ಬಗ್ಗಿ ಉಸಿರೆಳೆದ. ಯೋಚಿಸಿದ. ಮತ್ತೆ ಹಾಕಿದ.

ಕೇಳಿದ್ದರೆ ಹೇಳುತ್ತಿದ್ದೆ. ಕೇಳದೆ ಹೇಳಿದರೆ, ನೀನು ಸುಳ್ಳುಗಾರ ಎಂದಂತೆ.

ನವೆಂಬರ್ 9

ಗ್ಲಾಸನ್ನು ನನ್ನ ಮೂಗಿಗೆ ಹಿಡಿದ. ತನ್ನ ಮೂಗಿಗಲ್ಲ.

“ಹೇಗಿದೆ, ಲೊರ್ನಾ?”

“ಹೋದ ವರ್ಷದ ಹಾಗೇ.”

ಬಾಟಲಿ ತುಂಬಿದೆವು.

ನವೆಂಬರ್ 27

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ. ಬಾಗಿಲಿಗೆ ಸಾಲು. ಟೀವಿ ಜಾಹೀರಾತಿನ ಬಿಯರ್ ಸಾಕಾಗಿ, ಎರಡು ಗಂಟೆ ಕಾರು ಓಡಿಸಿಕೊಂಡು ಬಂದವರು. ರೂಢಿಯಂತೆ ಮೊದಲ ಗ್ಲಾಸು ಎದುರಿನ ಪಬ್ಬಿನ ಒಡತಿ ಡಾಟಿಗೆ.

“ಏನಪ್ಪಾ ಎಮೆಟ್, ಬಿಯರ್ ಕೊಡು ಅಂದ್ರೆ ಹಲ್ಲಿನ ಡಾಕ್ಟರ್ ಕುರ್ಚೀಲಿ ಕೂರಿಸಿಬಿಟ್ಯಲ್ಲ!”

ಎಲ್ಲರೂ ನಕ್ಕರು. ಅವನೂ.

“ಲವಂಗ ಒಂಚೂರು ಜೋರಾಯ್ತಾ?”

“ಒಂಚೂರಾ? ನಿನ್ನ ಮೂಗೇನು ರಜಾ ಹಾಕಿದೆಯಾ?”

ಅಂದವಳೇ ಬಾಯಿ ಮುಚ್ಚಿಕೊಂಡಳು. ಎಮೆಟ್ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದ.

ನವೆಂಬರ್ 28

“ಎರಡನೇ ಸಲ ಹಾಕೋದನ್ನ ನೋಡಿದ್ಯಾ?”

“ನೋಡಿದೆ.”

“ಹೇಳ್ಬೇಕಿತ್ತು.”

“ನೀನೂ ಹೇಳ್ಬೇಕಿತ್ತು.”

ಒಂದೊಂದೇ ಬಾಟಲಿಯ ಮುಚ್ಚಳ ತೆಗೆದು ಚರಂಡಿಗೆ ಸುರಿದ. ಸಂಜೆಯವರೆಗೆ. ಇಡೀ ಬೀದಿಗೆ ಲವಂಗದ ವಾಸನೆ. ದಾರಿಹೋಕರು ನಿಂತು ಮೂಸಿದರು, ಹಬ್ಬ ಬಂತು ಎಂದರು. ಅವನೊಬ್ಬನಿಗೆ ಬರಲಿಲ್ಲ.

ಡಿಸೆಂಬರ್ 24

ಎಮೆಟ್ ಮಾರಿದ ತೊಟ್ಟಿಗಳನ್ನು ಪೋರ್ಟ್‌ಲ್ಯಾಂಡಿನಿಂದ ಬಂದ ಇಬ್ಬರು ಲಾರಿಗೆ ಹೇರಿಕೊಂಡು ಹೋದರು. ಒಳ್ಳೆಯ ಹುಡುಗರು. ಎಮೆಟ್ ಹಗ್ಗ ಬಿಗಿದುಕೊಟ್ಟ.

ಆಮೇಲೆ ಹೋದ ವರ್ಷದ ಕೊನೆಯ ಬಾಟಲಿ ತಂದ. ಒಂದೇ ಗ್ಲಾಸು. ನನ್ನ ಮುಂದಿಟ್ಟ.

“ಹೇಳು. ಈ ಸಲ ನಿಜ ಹೇಳು.”

ಕಣ್ಣು ಮುಚ್ಚಿ ಕುಳಿತ.

ಕಿತ್ತಳೆ ಸಿಪ್ಪೆ, ಎಂದೆ. ಕೆಂಪಗೆ ಬೆಂದ ಬ್ರೆಡ್ಡಿನ ಅಂಚು. ಒದ್ದೆ ಪೈನ್ ಎಲೆ. ಲವಂಗ — ಇದೆಯೋ ಇಲ್ಲವೋ ಅನ್ನುವಷ್ಟು.

“ಹೂಂ. ಆಮೇಲೆ?”

ಆಮೇಲೆ... ಎನ್ನುತ್ತ ಗ್ಲಾಸನ್ನು ಮತ್ತೆ ಮೂಗಿಗೆ ಹಿಡಿದೆ.