ಹೊಂಟಾಳ ಅನ್ನಿ

ಗಂಗಾವತಿ
೧೯೮೧

ಸರ್ದಾರಬೀ ಆಪಾ ಅವರಿಗೆ ಸಲಾಂ.

ಮುಂಬೈಯಿಂದ ಮಸ್ಕತ್‌ಗೆ ಹಡಗಿನ ಡೆಕ್ ಟಿಕೆಟ್ಟೇ ಅಗ್ಗ, ಅದನ್ನೇ ತೆಗೆಸಿದ್ದೇನೆ. ದಾರಿಗೆ ಖಡಕ್ ರೊಟ್ಟಿ ಸಾಕು. ಅಲ್ಲಿ ಮನೆಗೆಲಸಕ್ಕಿರುವ ಮರಳಿ ಊರಿನ ಹುಸೇನಬೀ ಮಲಗಲು ಜಾಗ ಕೊಡುತ್ತಾಳೆ. ಜೊತೆಗೆ ಯಾರೆಂದು ಎಲ್ಲರೂ ಕೇಳುತ್ತಾರೆ. ಯಾರೂ ಇಲ್ಲ. ನಿಮ್ಮ ತಮ್ಮನ ಗೋರಿಗೆ ಊರಿನ ಒಂದು ಹಿಡಿ ಮಣ್ಣು ಹಾಕಿ ಬರುತ್ತೇನೆ.

ಅವರು ತೀರಿಹೋದದ್ದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ. ನಾನು ಬರುವವರೆಗೆ ದಿನಾ ಸಂಜೆ ನಿಮ್ಮ ತಮ್ಮ ಕಳಿಸಿದ್ದ ಟೇಪು ಹಚ್ಚಿ. "ಅಮ್ಮಾ, ಊಟ ಆತೇನು?" ಎಂದು ಕೇಳಿ ಸ್ವಲ್ಪ ಸುಮ್ಮನಾಗುತ್ತಾರೆ, ಅಮ್ಮ "ಆತಪ್ಪ" ಎನ್ನುವಾಗ ನಡುವೆ ಮಾತಾಡಬೇಡಿ.

ಆಮೇಲೆ ಟೇಪಿನಲ್ಲಿ ಅವರು ನನ್ನನ್ನು ಕೇಳುತ್ತಾರೆ: "ಮೌಲಾಬೀ, ನೀ ಯಾವಾಗ ಬರ್ತಿ?" ಇಷ್ಟು ದಿನ ಅದು ಬರುವ ಮೊದಲೇ ಟೇಪು ಬಂದ್ ಮಾಡುತ್ತಿದ್ದೆ. ನೀವು ಬಂದ್ ಮಾಡಬೇಡಿ.

"ಹೊಂಟಾಳ" ಅನ್ನಿ.

ನಿಮ್ಮ
ಮೌಲಾಬೀ